ಮಡಗಾಂವ್‌ವರೆಗಿನ ಟಿಕೆಟ್

ಎಲ್ಲ ರಗಳೆಯೂ ಶುರುವಾದದ್ದು ಒಂದೇ ಒಂದು ಪದದಿಂದ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಜಯಶೀಲ ಬಾಗಿಲು ತೆರೆದಾಗ ಅವನ ಬೆನ್ನ ಹಿಂದೆ, ಪಡಸಾಲೆಯ ನಟ್ಟನಡುವೆ, ಚಕ್ರದ ಸೂಟ್‌ಕೇಸ್ ನಿಂತಿತ್ತು. ಎದುರು ಮನೆಯ ವಿನೋದಕ್ಕನೂ ಆಗಲೇ ಬಾಗಿಲು ತೆರೆದಿದ್ದರು. ಮುಂಬೈ ಹೊರವಲಯದ ಡೊಂಬಿವಲಿಯ ಆ ಹೌಸಿಂಗ್ ಸೊಸೈಟಿಯಲ್ಲಿ ಎರಡು ಬಾಗಿಲುಗಳ ನಡುವೆ ಇರುವುದು ಒಂದು ಚಪ್ಪಲಿ ಸ್ಟ್ಯಾಂಡಿನಷ್ಟು ಜಾಗ. ವಿನೋದಕ್ಕನ ಕಣ್ಣು ನೇರ ಸೂಟ್‌ಕೇಸಿಗೆ ಹೋಯಿತು.

"ಎಂತ ಜಯಣ್ಣ, ಎಲ್ಲಿಗೆ ಹೊರಟದ್ದು?"

"ಊರಿಗೆ," ಎಂದ ಜಯಶೀಲ.

ಅವನು ಹೊರಟದ್ದು ಗೋವಾಕ್ಕೆ. ಆದರೆ ಇಪ್ಪತ್ತೆರಡು ವರ್ಷಗಳಿಂದ ಸೂಟ್‌ಕೇಸ್ ಹಿಡಿದಾಗಲೆಲ್ಲ ಹೇಳಿ ಹೇಳಿ ಅಭ್ಯಾಸವಾದ ಬಾಯಿ ಅವನನ್ನು ಕೇಳದೆಯೇ ಆ ಮಾತನ್ನು ಹೊರಗೆ ಹಾಕಿತ್ತು.

ರಜೆ ಇರುವುದೇ ಊರಿಗೆ ಹೋಗಲಿಕ್ಕೆ ಎಂದು ನಮ್ಮ ಕರಾವಳಿಯವರಿಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ ಗೊತ್ತಿಲ್ಲ. ಸಿಕ್ಕಿದರೆ ಅವನಿಗೆ ನಾಲ್ಕು ಮಾತು ಹೇಳಬೇಕೆಂದು ಜಯಶೀಲ ಕಾಯುತ್ತಿದ್ದ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ದುಡಿಯುವ ಅವನ ಒಂದೊಂದು ರಜೆಯೂ ದೈವದ ನೇಮ, ನಾಗನ ತಂಬಿಲ, ಭಾವನ ಹೊಸ ಮನೆಯ ಒಕ್ಕಲು, ತೀರಿಹೋದ ಚಿಕ್ಕಪ್ಪನ ಬೊಜ್ಜ ಎಂದು ಮುಗಿದುಹೋಗಿತ್ತು. ಹೋಗುವಾಗಲೂ ಬರುವಾಗಲೂ ರೈಲು ಗೋವಾದ ಹೊಟ್ಟೆಯನ್ನು ಸೀಳಿಕೊಂಡೇ ಓಡುತ್ತದೆ. ಆದರೂ ಅವನ ಪಾಲಿಗೆ ಗೋವಾ ಎಂದರೆ ಮಡಗಾಂವ್ ಸ್ಟೇಷನ್ನಿನ ಚಹಾ, ಅಷ್ಟೆ. ಪಕ್ಕದ ಮೇಜಿನ ಪಂಜಾಬಿನವನು ಕೂಡ ಹೋಗಿ ದೂಧ್‌ಸಾಗರ ಜಲಪಾತ ನೋಡಿ ಬಂದು, "ನಿನ್ನ ಊರಿನ ದಾರಿಯಲ್ಲೇ ಇದೆಯಲ್ಲ, ನೋಡಿಲ್ವಾ?" ಎಂದು ಕೇಳಿದ್ದ. ಮಗಳು ಅನುಷ್ಕಾ ಕಾಲೇಜಿನವರ ಜೊತೆ ಎರಡು ಸಲ ಹೋಗಿ ಪಣಜಿಯ ಪೋರ್ಚುಗೀಸರ ಓಣಿಗಳಲ್ಲಿ, ಹಳದಿ ನೀಲಿ ಗೋಡೆಗಳಿಗೆ ಒರಗಿ ಫೋಟೋ ತೆಗೆಸಿಕೊಂಡು ಬಂದಿದ್ದಳು. "ಪಪ್ಪಾ, ಆಪ್ ಲೋಗ್ ಅಭೀ ತಕ್ ಗೋವಾ ನಹೀ ದೇಖೇ?" ಎಂದು, ಇನ್ನೂ ಗೋವಾ ನೋಡದವರ ಮೇಲಿನ ಕರುಣೆಯಿಂದ ಅವಳು ಕೇಳಿದ ದಿನ ಜಯಶೀಲನಿಗೆ ಅನ್ನ ಸೇರಲಿಲ್ಲ. ಕೊನೆಗೆ ಪಣಜಿಯ ಹಳೆಯ ಬಂಗಲೆಯೊಂದರಲ್ಲಿ ಅವಳೇ ರೂಮು ಬುಕ್ ಮಾಡಿಕೊಟ್ಟಳು. ಹಳೆ ಗೋವಾದ ಇಗರ್ಜಿ, ದೂಧ್‌ಸಾಗರ, ಪಣಜಿ, ಎಲ್ಲವನ್ನೂ ನೋಡಿಯೇ ಬರುವುದೆಂದು ತೀರ್ಮಾನವಾಯಿತು. ಜಯಶೀಲ ಫಡಕೆ ರೋಡಿಗೆ ಹೋಗಿ ದೊಡ್ಡ ದೊಡ್ಡ ಹೂವಿನ ಅಂಗಿಯೊಂದನ್ನು ಕೊಂಡು, ಸೂಟ್‌ಕೇಸಿನ ತಳದಲ್ಲಿ ಅಡಗಿಸಿಟ್ಟ.

ಅಡಗಿಸಬೇಕಾದ ಕಾರಣ ಸೊಸೈಟಿ. ಅಲ್ಲಿ ಗೋವಾ ಎಂದರೆ ಕುಡಿಯುವುದಕ್ಕೆ ಹೋಗುವ ಜಾಗ. ಮೂರನೇ ಮಾಳಿಗೆಯ ಕೌಶಲ್ ಒಮ್ಮೆ ಹೋಗಿ ಬಂದದ್ದಕ್ಕೆ, ಲಿಫ್ಟಿಗೆ ಕಾಯುತ್ತ ಅವನು ಸ್ವಲ್ಪ ಗೋಡೆಗೆ ಒರಗಿದರೂ ಜನ ಇವತ್ತಿಗೂ ಮೂಸುತ್ತಾರೆ. ಇನ್ನೊಂದು ಕಾರಣ ಊರಿನಲ್ಲಿರುವ ಅಣ್ಣ. ಅದೇ ವಾರ ಮನೆಯ ನೇಮ ಇತ್ತು. ಈ ಸಲ ರಜೆ ಸಿಗಲಿಲ್ಲ ಎಂದು ಜಯಶೀಲ ಅಣ್ಣನಿಗೆ ಬಹಳ ದುಃಖದ ಸ್ವರದಲ್ಲಿ ಫೋನ್ ಮಾಡಿದ್ದ.

"ನಿಮ್ಮ ಬಾಯಿಗೆ ಎಂತ ಆದದ್ದು?" ಬಾಗಿಲು ಹಾಕಿದೊಡನೆ ಹೆಂಡತಿ ಮಲ್ಲಿಕಾ ಹಿಡಿದುಕೊಂಡಳು. "ಕೋಪರಖೈರಣೆಯಲ್ಲಿ ನನ್ನ ತಂಗಿಯ ಮನೆಗೆ ಅಂತ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಊರಿಗೆ ಅಂದ್ರೆ ಯಾರೂ ಮತ್ತೊಂದು ಪ್ರಶ್ನೆ ಕೇಳುದಿಲ್ಲ," ಎಂದ ಜಯಶೀಲ. ತನ್ನ ಬಾಯಿ ಜಾಣತನವನ್ನೇ ಮಾಡಿದೆ ಎಂದು ಅವನಿಗೆ ಅನ್ನಿಸತೊಡಗಿತ್ತು.

ಪ್ರಶ್ನೆ ಯಾರೂ ಕೇಳಲಿಲ್ಲ, ನಿಜ. ಬಂದದ್ದು ಪಾರ್ಸೆಲ್.

ಮೊದಲು ವಿನೋದಕ್ಕನೇ ಬಂದರು. ಕೈಯಲ್ಲಿ ಹಾಲಿನ ಪ್ಯಾಕೆಟ್ಟಿನ ಬದಲು ಒಂದು ಚೀಲ. "ಅಮ್ಮನ ಬಿ.ಪಿ. ಮಾತ್ರೆ ಜಯಣ್ಣ, ಕಾಪುವಿಗೆ. ನಾಳೆಗೆ ಮುಗೀತದೆ ಅಂತ ಫೋನ್ ಮಾಡಿದ್ರು. ನೀವು ದೇವರ ಹಾಗೆ ಹೊರಟ್ರಿ."

ಮಾತ್ರೆಗೆ ಇಲ್ಲ ಎನ್ನುವುದು ಹೇಗೆ? ತೆಗೆದುಕೊಂಡ. ಒಂದು ತೆಗೆದುಕೊಂಡ ಮೇಲೆ ಎರಡನೆಯದಕ್ಕೆ ಇಲ್ಲ ಎನ್ನಲು ಮುಖ ಎಲ್ಲಿಂದ ತರುವುದು? ಸೊಸೈಟಿಯ ಕನ್ನಡದವರ ವಾಟ್ಸಪ್ ಗುಂಪಿನಲ್ಲಿ ವಿನೋದಕ್ಕ ಆಗಲೇ "ಜಯಣ್ಣ ಊರಿಗೆ" ಎಂದು ಬರೆದು, ಎರಡು ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬರು ಬ್ರಹ್ಮಾವರದ ಸೊಸೆಗೆ ಸೀಮಂತದ ಸೀರೆ ತಂದರು. ಇನ್ನೊಬ್ಬರು ಇಡ್ಲಿ ಬೇಯಿಸುವ ಅಟ್ಟ ತಂದರು. ಕೌಶಲ್ ಅಂತೂ ಸೀಲಿಂಗ್ ಫ್ಯಾನನ್ನೇ ಹೊತ್ತು ತಂದ. ರೆಕ್ಕೆಗಳನ್ನು ಬಿಚ್ಚಿ ಹಳೆ ಸೀರೆಯಲ್ಲಿ ಸುತ್ತಿ, ಕೈಕಾಲು ಕಟ್ಟಿದ ಕುರಿಯಂತೆ ಅದನ್ನು ಸೋಫಾದ ಮೇಲೆ ಮಲಗಿಸಿದ.

"ಉಡುಪಿಯಲ್ಲಿ ಫ್ಯಾನ್ ಸಿಗುದಿಲ್ವಾ?" ಜಯಶೀಲನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಸಿಗ್ತದೆ ಜಯಣ್ಣ. ಆದ್ರೆ ಅಪ್ಪನಿಗೆ ಬಾಂಬೆ ಫ್ಯಾನೇ ಆಗ್ಬೇಕು. ಇದರ ಗಾಳಿಯೇ ಬೇರೆ ಅಂತೆ."

ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಶಂಕ್ರೆಪ್ಪ ಇಷ್ಟೆಲ್ಲವನ್ನೂ ನೋಡಿ ತಾನೂ ಓಡಿಹೋಗಿ ಒಂದು ಕಂಬಳಿ ತಂದ. "ಸಾಹೇಬ್ರ, ಇದೊಂದು ನಮ್ಮವ್ವಗ ಮುಟ್ಟಿಸಿಬಿಡ್ರಿ. ಇಂಡಿ ತಾಲೂಕ್ರಿ, ವಿಜಯಪುರ ಜಿಲ್ಲಾ."

"ಶಂಕ್ರೆಪ್ಪ, ನಾವು ಹೋಗುದು ಉಡುಪಿ ಕಡೆಗೆ. ಅಲ್ಲಿಗೂ ವಿಜಯಪುರಕ್ಕೂ ಎಂತ ಸಂಬಂಧ?"

"ಎರಡೂ ಕರ್ನಾಟಕದಾಗ ಅದಾವಲ್ರಿ," ಎಂದ ಶಂಕ್ರೆಪ್ಪ ಶಾಂತವಾಗಿ. "ಅಲ್ಲಿಂದ ಬಸ್ಸಿನ್ಯಾಗ ಹಾಕಿದ್ರ ಬಂದು ಮುಟ್ಟತೈತ್ರಿ."

ಈ ಸಾಮಾನನ್ನೆಲ್ಲ ಠಾಣೆ ಸ್ಟೇಷನ್ನಿಗೆ ಹೋಗುವ ಮೊದಲು ಮಲ್ಲಿಕಾಳ ತಂಗಿಯ ಮನೆಗೆ ಸಾಗಿಸಿ, ಮುಂದಿನ ವಾರ ಕೊರಿಯರ್ ಮಾಡುವುದೆಂದು ಜಯಶೀಲ ಲೆಕ್ಕ ಹಾಕಿದ. ಮಾತ್ರೆಯನ್ನು ಮಡಗಾಂವಿನಿಂದ ಯಾರಾದರೂ ಪುಣ್ಯಾತ್ಮರ ಕೈಯಲ್ಲಿ ಕಳಿಸಬಹುದು. ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಪೃಥ್ವಿರಾಜ್ ಮೆಟ್ಟಿಲಿಳಿದು ಬಂದ. ಅವನದ್ದು ಸ್ಟೇಷನ್ ಹತ್ತಿರ ಸಣ್ಣ ಹೋಟೆಲು, ದೊಡ್ಡ ಸ್ವರ.

"ಜಯಣ್ಣ, ನೀವು ನನ್ನ ತಲೆಯ ಭಾರ ಇಳಿಸಿದ್ರಿ. ಅಮ್ಮನಿಗೆ ಇವತ್ತಿನ ರೈಲಿಗೇ ಟಿಕೆಟ್ ಮಾಡಿಸಿಟ್ಟಿದ್ದೆ. ಕಣ್ಣಿನ ಆಪರೇಶನ್ ಆದಾಗಿನಿಂದ ಊರಿಗೆ ಹೋಗ್ಬೇಕು, ಹರಕೆ ಒಪ್ಪಿಸ್ಬೇಕು ಅಂತ ಒಂದೇ ಹಟ. ಜೊತೆ ಇಲ್ಲ ಅಂತ ಕ್ಯಾನ್ಸಲ್ ಮಾಡ್ಲಿಕ್ಕೆ ಕೂತಿದ್ದೆ. ಇನ್ನು ನೀವಿದ್ದೀರಲ್ಲ."

ಅವನ ಹಿಂದೆ ಅವನ ತಾಯಿ ಅಪ್ಪಿಯಕ್ಕ ನಿಂತಿದ್ದರು. ವಯಸ್ಸು ಎಪ್ಪತ್ತಾರು. ಹಳದಿ ಅಂಚಿನ ಸೀರೆ, ಹೆಗಲಿಗೆ ಒಂದು ಸಣ್ಣ ಚೀಲ, ಕಾಲಲ್ಲಿ ಬೆಳ್ಳಗೆ ಹೊಳೆಯುವ ಹೊಸ ಕ್ಯಾನ್ವಾಸ್ ಶೂ. ಮಂಡಿ ನೋವಿಗೆ ಡಾಕ್ಟರು ಹೇಳಿದ್ದು ಎಂದು ಯಾರೂ ಕೇಳುವ ಮೊದಲೇ ಹೇಳಿದರು. ಊರಿಗೆ ಹೋಗುವವರ ಕೈಯಲ್ಲಿ ಇಷ್ಟು ಸಣ್ಣ ಚೀಲವನ್ನು ಜಯಶೀಲ ಈ ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

"ಮತ್ತೆ ಆಟೋ ಗೀಟೋ ಬೇಡ," ಎಂದ ಪೃಥ್ವಿರಾಜ್. "ಠಾಣೆಯವರೆಗೆ ನನ್ನ ಗಾಡಿಯಲ್ಲೇ ಬಿಡ್ತೇನೆ. ಅಮ್ಮನನ್ನು ಸೀಟಿನಲ್ಲಿ ಕೂರಿಸಿಯೇ ನಾನು ವಾಪಸ್ ಬರುದು. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ತೀರಲ್ಲ?"

"ನೋಡಿಕೊಳ್ತೇವೆ," ಎಂದಿತು ಜಯಶೀಲನ ಬಾಯಿ. ಅದಕ್ಕೆ ಆ ದಿನ ಹೇಳುವವರು ಕೇಳುವವರು ಇರಲಿಲ್ಲ.

ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ ಪೃಥ್ವಿರಾಜ್ ಹಿಂದೆ ತಿರುಗಿದ. "ನಿಮ್ಮ ಟಿಕೆಟ್ ತೋರಿಸಿ ಜಯಣ್ಣ. ಕೋಚ್ ಬೇರೆ ಬೇರೆ ಆದ್ರೆ ಯಾರ ಹತ್ರವಾದ್ರೂ ಹೇಳಿ ಸೀಟು ಬದಲಿಸುವ."

ಟಿಕೆಟ್ ಮೊಬೈಲಿನಲ್ಲಿತ್ತು. ಅದರಲ್ಲಿ ಠಾಣೆಯಿಂದ ಮಡಗಾಂವ್ ಎಂದು ಕಣ್ಣಿಗೆ ಹೊಡೆಯುವಂತೆ ಬರೆದಿತ್ತು. ಜಯಶೀಲ ಮಡಗಾಂವಿನ ಮೇಲೆ ಹೆಬ್ಬೆರಳಿಟ್ಟು ಮೊಬೈಲನ್ನು ಮುಂದೆ ಚಾಚಿದ.

"ಬೆರಳು ತೆಗೀರಿ ಮಾರಾಯ್ರೇ, ಕಾಣುದಿಲ್ಲ."

"ಗಾಜು ಒಡೆದಿದೆ. ಬೆರಳು ತೆಗೆದ್ರೆ ಉದುರ್ತದೆ."

ಮಲ್ಲಿಕಾ ಕಿಟಕಿಯ ಹೊರಗೆ ಮುಖ ತಿರುಗಿಸಿದಳು. ಅಪ್ಪಿಯಕ್ಕ ಮಾತ್ರ ಜಯಶೀಲನ ಹೆಬ್ಬೆರಳನ್ನು ಬಹಳ ಹೊತ್ತು, ಆಪರೇಶನ್ ಆದ ಕಣ್ಣಿನಿಂದ, ಆಸಕ್ತಿಯಿಂದ ನೋಡಿದರು.

ಸ್ಟೇಷನ್ನಿನಲ್ಲಿ ಪೃಥ್ವಿರಾಜ್ ತನ್ನ ದೊಡ್ಡ ಸ್ವರದಿಂದಲೇ ಎಲ್ಲವನ್ನೂ ಸಾಧಿಸಿದ. ಯಾರೋ ಕಾಲೇಜು ಹುಡುಗನನ್ನು ಎಬ್ಬಿಸಿ ಬೇರೆ ಕೋಚಿಗೆ ಓಡಿಸಿ, ಅಪ್ಪಿಯಕ್ಕನನ್ನು ಜಯಶೀಲನ ಎದುರು ಕಿಟಕಿಯ ಪಕ್ಕ ಕೂರಿಸಿದ. ಫ್ಯಾನು, ಕಂಬಳಿ, ಇಡ್ಲಿ ಅಟ್ಟ, ಸೀಮಂತದ ಸೀರೆ ಎಲ್ಲವೂ ಸೀಟಿನ ಕೆಳಗೆ ಸೇರಿದವು. ಜಾಗ ಸಾಲದೆ ಜಯಶೀಲ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಪೂಜೆಗೆ ಕೂತವನಂತೆ ಕೂರಬೇಕಾಯಿತು. ರೈಲು ಹೊರಟಿತು.

ಈಗ ಉಳಿದದ್ದು ಒಂದೇ ದಾರಿ. ಅಪ್ಪಿಯಕ್ಕನಿಗೆ ನಿಜ ಹೇಳಿ, ಸಾಮಾನನ್ನು ಅವರ ವಶಕ್ಕೆ ಬಿಟ್ಟು, ಮಡಗಾಂವಿನಲ್ಲಿ ಇಳಿಯುವುದು. ಹೇಗೂ ಅವರು ಉಡುಪಿಗೆ ಹೋಗುವವರು, ಸ್ಟೇಷನ್ನಿಗೆ ಅವರ ಕಡೆಯವರು ಬರುತ್ತಾರೆ. ಫ್ಯಾನು ಇಳಿಸುವುದಕ್ಕೆ ಕೂಲಿಯವನಿದ್ದಾನೆ. ಇದರಲ್ಲಿ ತಪ್ಪೇನು? ಇಪ್ಪತ್ತೆರಡು ವರ್ಷ ಇಡೀ ಡೊಂಬಿವಲಿಯ ಸಾಮಾನು ಹೊತ್ತವನಿಗೆ ಒಂದು ಸಲ ಒಂದು ಜಲಪಾತ ನೋಡುವ ಹಕ್ಕಿಲ್ಲವೇ? ಜಯಶೀಲ ಮನಸ್ಸಿನಲ್ಲೇ ಇಷ್ಟು ಜೋರಾಗಿ ವಾದಿಸಿದನೆಂದರೆ ಎದುರಿನ ಇನ್ನೊಬ್ಬ ಪ್ರಯಾಣಿಕ ಅವನನ್ನು ಹೆದರಿ ನೋಡಿದ.

ಪನ್ವೇಲ್ ದಾಟಿದ ಮೇಲೆ ಹೇಳೋಣ ಎಂದುಕೊಂಡ. ಅಪ್ಪಿಯಕ್ಕ ಆಗ ಚಕ್ಕುಲಿ ಕೊಟ್ಟರು. ಚಕ್ಕುಲಿ ಕೊಟ್ಟವರಿಗೆ ಕೆಟ್ಟ ಸುದ್ದಿ ಹೇಳುವುದು ಹೇಗೆಂದು ಚಿಪಳೂಣದವರೆಗೆ ಮುಂದೂಡಿದ. ಚಿಪಳೂಣದಲ್ಲಿ ಊರಿನಿಂದ ಅಣ್ಣನ ಫೋನು ಬಂತು.

"ರಜೆ ಇಲ್ಲ ಅಂದವ ರೈಲಿನಲ್ಲಿ ಕೂತಿದ್ದೀಯಂತಲ್ಲ," ಎಂದ ಅಣ್ಣ. "ವಿನೋದಳ ಅಮ್ಮ ಮೀನಿನ ಅಂಗಡಿಯಲ್ಲಿ ಸಿಕ್ಕಿ ಹೇಳಿದ್ರು. ಹೇಳದೆ ಬಂದು ಎಲ್ಲರಿಗೂ ಆಶ್ಚರ್ಯ ಮಾಡ್ಲಿಕ್ಕೆ ಹೊರಟದ್ದಾ? ನನಗೆ ಕಣ್ಣಲ್ಲಿ ನೀರು ಬಂತು ಮಾರಾಯ. ನಾಳೆ ನೇಮದಲ್ಲಿ ಬಡಿಸುವ ಉಸ್ತುವಾರಿ ನಿನಗೇ."

ಅಣ್ಣನ ಸ್ವರ ಎದುರಿನ ಸೀಟಿಗೂ ಕೇಳುವಂತಿತ್ತು. ಜಯಶೀಲ ಫೋನು ಕೆಳಗಿಟ್ಟ. ವಿನೋದಕ್ಕನ ಮೇಲೆ, ಅವರ ಅಮ್ಮನ ಮೇಲೆ, ಮೀನಿನ ಅಂಗಡಿಯ ಮೇಲೆ ಅವನಿಗೆ ಒಟ್ಟಿಗೇ ಸಿಟ್ಟು ಬಂತು. ಒಬ್ಬ ಮನುಷ್ಯ ಸಣ್ಣದೊಂದು ಸುಳ್ಳು ಹೇಳಿ ನೆಮ್ಮದಿಯಾಗಿ ಬದುಕಲಿಕ್ಕೂ ಈ ಜನ ಬಿಡುವುದಿಲ್ಲ.

"ಈಗ ಹೇಳದಿದ್ರೆ ನಾನೇ ಹೇಳ್ತೇನೆ," ಎಂದು ಮಲ್ಲಿಕಾ ಮೊಣಕೈಯಿಂದ ತಿವಿದಳು. ಹೊರಗೆ ಕತ್ತಲಾಗಿತ್ತು. ಸಾವಂತವಾಡಿ ದಾಟಿತ್ತು.

"ಅಪ್ಪಿಯಕ್ಕ," ಎಂದು ಜಯಶೀಲ ಗಂಟಲು ಸರಿಮಾಡಿಕೊಂಡ. "ನಿಮ್ಮಲ್ಲಿ ಒಂದು ಮಾತು ಹೇಳ್ಲಿಕ್ಕಿತ್ತು."

"ಮೊದಲು ನನ್ನದು ಕೇಳು ಮಗಾ." ಅಪ್ಪಿಯಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಬೆಳ್ಳಿಯ ಕಣ್ಣನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. "ಇದು ನಾನು ಹೇಳಿಕೊಂಡ ಹರಕೆ. ಕಣ್ಣು ಸರಿಯಾದ್ರೆ ನಮ್ಮ ಗ್ರಾಮದ ದೈವಸ್ಥಾನಕ್ಕೆ ಒಂದು ಬೆಳ್ಳಿ ಕಣ್ಣು ಅಂತ. ನಿಮ್ಮ ಮನೆಗೆ ಹತ್ತಿರವೇ. ನನ್ನ ಕೈಯಲ್ಲಿ ಆಗದಿದ್ರೆ ನೀನೇ ಒಪ್ಪಿಸ್ತೀಯಾ?"

ವಯಸ್ಸಾದವರ ಭಯ. ದಾರಿಯಲ್ಲಿ ತನಗೇನಾದರೂ ಆದರೆ ಎಂದು ಕೇಳುತ್ತಿದ್ದಾರೆ. ಜಯಶೀಲ ಬೆಳ್ಳಿ ಕಣ್ಣನ್ನು ಮುಷ್ಟಿಯಲ್ಲಿ ಹಿಡಿದ. "ಎಂತ ಆಗುದಿಲ್ಲ ನಿಮಗೆ. ಆದ್ರೂ ಆಯ್ತು, ನಾನೇ ಒಪ್ಪಿಸ್ತೇನೆ."

"ದೈವದ ಮೇಲೆ ಆಣೆ?"

"ಆಣೆ."

"ಹಾಗಾದ್ರೆ ಸರಿ," ಎಂದು ಅಪ್ಪಿಯಕ್ಕ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ಬಗ್ಗಿ ಶೂವಿನ ಲೇಸು ಬಿಗಿ ಮಾಡಿದರು. "ನಾನು ಮಡಗಾಂವಿನಲ್ಲಿ ಇಳೀತೇನೆ. ನಮ್ಮ ಹೋಟೆಲಿನಲ್ಲಿ ಮೊದಲು ಇದ್ದ ಸಿದ್ರಾಮ ಈಗ ಅಲ್ಲಿ ಟ್ಯಾಕ್ಸಿ ಓಡಿಸ್ತಾನೆ. ಬಂದು ನಿಂತಿರ್ತಾನೆ. ಪೃಥ್ವಿಗೆ ಗೊತ್ತಾಗ್ಬಾರ್ದು."

ಜಯಶೀಲನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಇಡೀ ದಿನ ಬೇಡದ್ದನ್ನೆಲ್ಲ ಆಡಿದ ಬಾಯಿಗೆ ಈಗ ಒಂದಕ್ಷರ ಹೊರಡಲಿಲ್ಲ.

"ಹಾಗೆ ನೋಡ್ಬೇಡ," ಎಂದರು ಅಪ್ಪಿಯಕ್ಕ. "ಮದುವೆಯಾಗಿ ಬಾಂಬೆಗೆ ಬಂದಾಗಿನಿಂದ ಈ ಗೋವಾವನ್ನು ದಾಟುದೇ ಆಯ್ತು. ಮೊದಲು ಬಸ್ಸಿನಲ್ಲಿ, ಮತ್ತೆ ರೈಲಿನಲ್ಲಿ. ಇಳಿ ಅಂತ ಒಬ್ಬರೂ ಹೇಳ್ಲಿಲ್ಲ. ಈಗ ಹೊಸ ಕಣ್ಣು ಬಂದ ಮೇಲೆ ನೋಡ್ಲಿಕ್ಕೆ ಏನಾದ್ರೂ ಬೇಡ್ವಾ? ಊರಿನವರ ಮುಖ ನನಗೆ ಕಣ್ಣು ಮುಚ್ಚಿದ್ರೂ ಕಾಣ್ತದೆ."

"ಅಪ್ಪಿಯಕ್ಕ, ನಾವೂ ಮಡಗಾಂವಿನಲ್ಲೇ ಇಳಿಯುವವರು," ಎಂದು ಜಯಶೀಲ ಒಂದೇ ಉಸಿರಿಗೆ ಒಪ್ಪಿಕೊಂಡ.

"ಅದು ನಿನ್ನ ಹೆಬ್ಬೆರಳು ನೋಡಿದಾಗಲೇ ನನಗೆ ಗೊತ್ತಾಯ್ತು. ಅದಕ್ಕೇ ಮೊದಲು ಆಣೆ ಹಾಕಿಸಿಕೊಂಡದ್ದು."

"ಇದು ಅನ್ಯಾಯ."

"ಅನ್ಯಾಯ ಯಾವುದು? ವಿನೋದಳ ಅಮ್ಮನಿಗೆ ನಾಳೆ ಮಾತ್ರೆ ಇಲ್ಲದ್ದು ಅನ್ಯಾಯ. ಇಷ್ಟು ಜನರ ಸಾಮಾನು ಉಂಟು, ದೈವದ ಹರಕೆ ಉಂಟು, ನಿನ್ನ ಅಣ್ಣ ಕಣ್ಣೀರು ಹಾಕಿ ಕಾಯ್ತಾ ಇದ್ದಾನೆ. ಎಲ್ಲರೂ ಗೋವಾದಲ್ಲಿ ಇಳಿದ್ರೆ ಊರಿಗೆ ಹೋಗುದು ಯಾರು?" ಅಪ್ಪಿಯಕ್ಕನ ಸ್ವರದಲ್ಲಿ ನಿಜವಾದ ಸಿಟ್ಟಿತ್ತು. "ಅಲ್ಲದೆ ಇಡೀ ಸೊಸೈಟಿಗೆ ಊರಿಗೆ ಅಂತ ಸುಳ್ಳು ಹೇಳಿದ್ದು ನೀನಲ್ವಾ?"

"ನೀವೂ ಹೇಳಿದ್ದೀರಲ್ಲ."

"ನನಗೆ ಎಪ್ಪತ್ತಾರು," ಎಂದರು ಅಪ್ಪಿಯಕ್ಕ.

ಜಯಶೀಲ ಸಹಾಯಕ್ಕಾಗಿ ಹೆಂಡತಿಯ ಕಡೆ ತಿರುಗಿದ. ಮಲ್ಲಿಕಾ ಸೂಟ್‌ಕೇಸಿನ ಹಿಡಿಯನ್ನು ಮೇಲಕ್ಕೆಳೆದು ನಿಂತಿದ್ದಳು.

"ನೀನು ಎಲ್ಲಿಗೆ?"

"ಅಪ್ಪಿಯಕ್ಕನನ್ನು ಒಬ್ಬರನ್ನೇ ಬಿಡುದು ಹೇಗೆ? ಅಮ್ಮನನ್ನು ನೋಡಿಕೊಳ್ತೇವೆ ಅಂತ ಪೃಥ್ವಿರಾಜಣ್ಣನಿಗೆ ಮಾತು ಕೊಟ್ಟದ್ದು ನೀವೇ. ನಿಮಗಂತೂ ಆಗುದಿಲ್ಲ, ನಾನಾದ್ರೂ ನೋಡಿಕೊಳ್ಬೇಕಲ್ಲ." ಅವಳು ಮೆದುವಾಗಿ ಸೇರಿಸಿದಳು. "ರೂಮೂ ಸುಮ್ನೆ ಹಾಳಾಗ್ತದೆ. ಅನುಷ್ಕಾ ಅಷ್ಟು ಪ್ರೀತಿಯಿಂದ ಮಾಡಿಸಿದ್ದು."

ಈ ಮಾತಿನಲ್ಲಿ ಎಲ್ಲಿಯೋ ಒಂದು ತೂತು ಇರಲೇಬೇಕು ಎಂದು ಜಯಶೀಲನಿಗೆ ಖಚಿತವಾಗಿ ಗೊತ್ತಿತ್ತು. ಅದನ್ನು ಹುಡುಕುವಷ್ಟರಲ್ಲಿ ಮಡಗಾಂವ್ ಬಂತು. ಪ್ಲಾಟ್‌ಫಾರ್ಮಿನಲ್ಲಿ ಸಿದ್ರಾಮ ಕೈಯೆತ್ತಿ ನಿಂತಿದ್ದ. ಬಿಳಿ ಶೂಗಳು ಮೊದಲು ಇಳಿದವು, ಹಿಂದೆ ಸೂಟ್‌ಕೇಸು ಗಡಗಡ ಸದ್ದು ಮಾಡುತ್ತ ಉರುಳಿತು. ಅದರ ತಳದಲ್ಲಿ ತನ್ನ ಹೂವಿನ ಅಂಗಿಯಷ್ಟೇ ಅಲ್ಲ, ಬದಲಾಯಿಸಲು ಇದ್ದ ಎಲ್ಲ ಬಟ್ಟೆಯೂ ಇದೆ ಎಂಬುದು ಜಯಶೀಲನಿಗೆ ಹೊಳೆದಾಗ ಅದು ಆಗಲೇ ಚಹಾದ ಅಂಗಡಿಯನ್ನು ದಾಟಿತ್ತು.

ಅಪ್ಪಿಯಕ್ಕ ಏನೋ ನೆನಪಾದವರಂತೆ ಕಿಟಕಿಯ ಹತ್ತಿರ ವಾಪಸ್ ಬಂದರು. ಪಾಪ, ಮನಸ್ಸು ಬದಲಾಯಿತೇನೋ ಎಂದು ಅವನ ಎದೆ ಹಗುರವಾಯಿತು.

"ಮಗಾ, ಸೋಮವಾರ ನೀನು ವಾಪಸ್ ಹೋಗುವ ರೈಲಿಗೇ ನಾವು ಇಲ್ಲಿ ಹತ್ತುತ್ತೇವೆ. ಬರುವಾಗ ಹತ್ತು ಕಿಲೋ ಕುಚ್ಚಲಕ್ಕಿ, ಸ್ವಲ್ಪ ಹಲಸಿನ ಹಪ್ಪಳ, ದೈವಸ್ಥಾನದ ಪ್ರಸಾದ ತಾ. ನಾನು ಊರಿಗೆ ಹೋದದ್ದಕ್ಕೆ ಪೃಥ್ವಿಗೆ ಗುರುತು ಬೇಡ್ವಾ?"

"ನಮಗೂ ಒಂದು ಹತ್ತು ಕಿಲೋ," ಎಂದಳು ಮಲ್ಲಿಕಾ ಹಿಂದಿನಿಂದ. "ಇಲ್ಲದಿದ್ರೆ ವಿನೋದಕ್ಕ ನಂಬುದಿಲ್ಲ."

ರೈಲು ಹೊರಟಿತು. ಜಯಶೀಲ ಸರಳಿಗೆ ಹಣೆ ಒತ್ತಿ ನೋಡಿದ. ಪಣಜಿಯ ಓಣಿಗಳು, ಹಳೆಯ ಇಗರ್ಜಿಗಳು, ಹಾಲಿನಂತೆ ಸುರಿಯುವ ಜಲಪಾತ ಎಲ್ಲವೂ ಆ ಕತ್ತಲೆಯಲ್ಲಿ ಎಲ್ಲೋ ಇದ್ದವು. ಅವನಿಗೆ ಕಂಡದ್ದು ಎರಡು ಲೈಟ್ ಕಂಬ ಮತ್ತು ಒಂದು ನಾಯಿ. ಚಹಾ ಮಾರುವವನು ಬಂದ. ಎಂದಿನಂತೆ ಒಂದು ಚಹಾ ತೆಗೆದುಕೊಂಡ.

ಅದರ ಹಿಂದೆಯೇ ಟಿ.ಸಿ. ಬಂದ. ಟಿಕೆಟ್ ನೋಡಿ, ಇವನ ಮುಖ ನೋಡಿ, ಸೀಟಿನ ಕೆಳಗಿದ್ದ ಫ್ಯಾನನ್ನೂ ಕಂಬಳಿಯನ್ನೂ ನೋಡಿದ. "ಮಡಗಾಂವ್ ಹೋ ಗಯಾ. ಉತರನಾ ಥಾ ನಾ? ಅಬ್ ಜಾನಾ ಕಹಾ ಹೈ?" ಇಳಿಯದೆ ಕೂತು ಇನ್ನು ಎಲ್ಲಿಗೆ ಎಂದು ಕೇಳಿದ.

ಅಪ್ಪಿಯಕ್ಕನ ಟಿಕೆಟ್ ಉಡುಪಿಯವರೆಗೂ ಇತ್ತು. ಆದರೆ ಅದು ಎಪ್ಪತ್ತಾರು ವಯಸ್ಸಿನ ಹೆಂಗಸಿನ ಹೆಸರಿನಲ್ಲಿತ್ತು. ಜಯಶೀಲ ಹಿಂದಿಯಲ್ಲಿ ಏನಾದರೂ ಹೇಳೋಣವೆಂದು ಬಾಯಿ ತೆರೆದ.

"ಊರಿಗೆ," ಎಂದಿತು ಬಾಯಿ.

ಆ ದಿನ ಅದು ತಾನಾಗಿ ಆಡಿದ ಮೊದಲ ಸತ್ಯ ಅದೇ. ಅದಕ್ಕೂ ದಂಡ ಬಿತ್ತು.